ಕಲ್ಯಾಣಜಿ ಭಗತ್

ಕಲ್ಯಾಣಜಿ ಭಗತ್ ಅವರು ಮುಂಬಯಿಯ ವರ್ಲಿ ಪ್ರದೇಶದಲ್ಲಿ 1962ರಲ್ಲಿ ಮಟಕಾ ಎಂಬ ಅಂಕಿ ಜೂಜನ್ನು ಆರಂಭಿಸಿದವರು. ಗುಜರಾತಿನ ಕಚ್ಛ್ ಪ್ರದೇಶದ ರೈತ ಕುಟುಂಬದಲ್ಲಿ ಹುಟ್ಟಿ, ಮಸಾಲೆ ಪದಾರ್ಥ ಮಾರುತ್ತ ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಇವರ ಹೆಸರು ಇಂದಿಗೂ ದೇಶದ ಅನೇಕ ಊರುಗಳಲ್ಲಿ ಬಳಕೆಯಲ್ಲಿದೆ. ಆದರೆ ಆ ಹೆಸರನ್ನು ದಿನವೂ ಉಚ್ಚರಿಸುವ ಬಹುಪಾಲು ಜನರಿಗೆ ಅದು ಒಬ್ಬ ಮನುಷ್ಯನ ಹೆಸರೆಂಬುದು ಗೊತ್ತಿಲ್ಲ. ಕರ್ನಾಟಕದಲ್ಲಿ, ಅದರಲ್ಲೂ ಕಲಬುರಗಿ, ವಿಜಯಪುರ, ಬೀದರ್, ಯಾದಗಿರಿ ಮೊದಲಾದ ಉತ್ತರದ ಜಿಲ್ಲೆಗಳಲ್ಲಿ, ಕಲ್ಯಾಣ ಮಟಕಾ ಎಂದು ಕರೆಯಲಾಗುವ ಆಟಕ್ಕೆ ಆ ಹೆಸರು ಬಂದುದು ಇವರಿಂದಲೇ. ಬಸವಕಲ್ಯಾಣಕ್ಕಾಗಲಿ ಮುಂಬಯಿ ಸಮೀಪದ ಕಲ್ಯಾಣ ನಗರಕ್ಕಾಗಲಿ ಈ ಹೆಸರಿನೊಡನೆ ಸಂಬಂಧವಿಲ್ಲ.

ಆರಂಭಿಕ ಜೀವನ

ಕಲ್ಯಾಣಜಿಯವರ ಮೂಲ ಊರು ಕಚ್ಛ್‌ನ ರತಾಡಿಯಾ ಗ್ರಾಮ. ಮನೆತನದ ಹೆಸರು ಗಾಲಾ. ಕುಟುಂಬದವರ ದೈವಭಕ್ತಿಯನ್ನು ಮೆಚ್ಚಿ ಕಚ್ಛ್‌ನ ಅರಸರು ಭಗತ್ ಎಂಬ ಬಿರುದನ್ನು ನೀಡಿದರೆಂದು ಹೇಳಲಾಗುತ್ತದೆ. ಮುಂದೆ ಬಿರುದೇ ಮನೆತನದ ಹೆಸರಾಯಿತು. ಭಕ್ತ ಎಂಬ ಅರ್ಥದ ಬಿರುದು ಜೂಜಿನ ಇತಿಹಾಸದಲ್ಲಿ ಉಳಿದುಕೊಂಡದ್ದು ವಿಚಿತ್ರವೇ ಸರಿ.

ಕಚ್ಛ್ ಮಳೆ ಕಡಿಮೆಯ ನಾಡು. ಬರ ಬಿದ್ದಾಗಲೆಲ್ಲ ಅಲ್ಲಿನ ರೈತರೂ ಸಣ್ಣ ವ್ಯಾಪಾರಿಗಳೂ ಮುಂಬಯಿಗೆ ವಲಸೆ ಹೋಗುವುದು ಹಿಂದಿನಿಂದ ಬಂದ ರೂಢಿ. ಮುಂಬಯಿಯ ದವಸದ ಅಂಗಡಿಗಳಲ್ಲಿಯೂ ಕಿರಾಣಿ ವ್ಯಾಪಾರದಲ್ಲಿಯೂ ಕಚ್ಛಿಗಳು ಗಟ್ಟಿಯಾಗಿ ನೆಲೆಯೂರಿದ್ದರು. ಕಲ್ಯಾಣಜಿಯವರು 1941ರಲ್ಲಿ ಮುಂಬಯಿಗೆ ಬಂದರು. ಮೊದಲಲ್ಲಿ ಬೀದಿಬೀದಿ ಸುತ್ತಿ ಮಸಾಲೆ ಸಾಮಾನು ಮಾರಿದರು. ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನು ಮಾಡಿದರು. ಬಳಿಕ ಕಿರಾಣಿ ಅಂಗಡಿಯೊಂದನ್ನು ನೋಡಿಕೊಂಡರು. ಸಣ್ಣ ಮೊತ್ತದ ಲೆಕ್ಕವನ್ನು ತಪ್ಪಿಲ್ಲದೆ ಇಡುವ ಅಭ್ಯಾಸ ಕಿರಾಣಿ ವ್ಯಾಪಾರಿಗೆ ಸಹಜವಾಗಿ ಬರುವಂಥದು. ಮುಂದೆ ಅವರು ನಡೆಸಿದ ಆಟವೂ ಸಣ್ಣ ಮೊತ್ತಗಳ ಮೇಲೆಯೇ ನಿಂತದ್ದು ಎಂಬುದನ್ನು ಇಲ್ಲಿ ಗಮನಿಸಬೇಕು.

ಹತ್ತಿಯ ದರದಿಂದ ಮಡಕೆಯವರೆಗೆ

ಮಟಕಾ ಹುಟ್ಟುವ ಮೊದಲು ಮುಂಬಯಿಯಲ್ಲಿ ಅಂಕಡಾ ಜೂಜು ಎಂಬ ಆಟವಿತ್ತು. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಲ್ಲಿ ವಹಿವಾಟು ಆರಂಭವಾದಾಗಿನ ದರ ಮತ್ತು ಮುಗಿಯುವಾಗಿನ ದರ ಟೆಲಿಪ್ರಿಂಟರ್ ಮೂಲಕ ಮುಂಬಯಿ ಹತ್ತಿ ವಿನಿಮಯ ಕೇಂದ್ರಕ್ಕೆ ಬರುತ್ತಿದ್ದವು. ಆ ದರಗಳ ಅಂಕಿಗಳನ್ನು ಮೊದಲೇ ಊಹಿಸಿ ಜನ ಹಣ ಕಟ್ಟುತ್ತಿದ್ದರು. ಆರಂಭದ ದರಕ್ಕೆ ಓಪನ್, ಮುಕ್ತಾಯದ ದರಕ್ಕೆ ಕ್ಲೋಸ್ ಎಂಬ ಹೆಸರುಗಳು ಆಗಲೇ ರೂಢಿಗೆ ಬಂದವು. ಕರ್ನಾಟಕದಲ್ಲಿ ಈ ಜೂಜಿಗೆ ಓಸಿ ಎಂದು ಹೇಳುವುದು ಈ ಎರಡು ಮಾತುಗಳ ಮೊದಲಕ್ಷರಗಳಿಂದ. ಹತ್ತಿ ಮರೆತುಹೋಗಿ, ಓಸಿ ಮಾತ್ರ ಉಳಿದಿದೆ.

ಈ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಅಂಕಿಯನ್ನು ನಿರ್ಧರಿಸುತ್ತಿದ್ದುದು ಸಾವಿರಾರು ಮೈಲಿ ದೂರದ ಮಾರುಕಟ್ಟೆಯಾದ್ದರಿಂದ ಸ್ಥಳೀಯ ಬುಕ್ಕಿ ಅದನ್ನು ತಿದ್ದಲಾರ ಎಂಬ ನಂಬಿಕೆ ಆಡುವವರಿಗಿತ್ತು. ಇಂಥದೇ ನಂಬಿಕೆಯ ಮೇಲೆ ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ 1920ರ ದಶಕದಲ್ಲಿ ಮೂರಂಕಿಯ ದಿನದ ಜೂಜು ಬೆಳೆದಿತ್ತು. ಅಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದ ಬ್ಯಾಂಕುಗಳ ಕ್ಲಿಯರಿಂಗ್ ಹೌಸ್ ಮೊತ್ತಗಳಿಂದ ಮೂರು ಅಂಕಿಗಳನ್ನು ಆರಿಸಿಕೊಳ್ಳುತ್ತಿದ್ದರು.

1961ರಲ್ಲಿ ನ್ಯೂಯಾರ್ಕಿನಿಂದ ದರ ಬರುವ ಪದ್ಧತಿ ನಿಂತಿತು. ಜೂಜಾಡುವವರಿಗೂ ಆಡಿಸುವವರಿಗೂ ಬೇರೆ ದಾರಿ ಬೇಕಾಯಿತು. ಹತ್ತಿಯ ದರದ ಮೇಲೆ ಪಣ ಸ್ವೀಕರಿಸುತ್ತಿದ್ದ ಕಲ್ಯಾಣಜಿ ಭಗತ್ 1962ರಲ್ಲಿ ಹೊರಗಿನ ದರದ ಅವಲಂಬನೆಯನ್ನೇ ಬಿಟ್ಟು, ಅಂಕಿಗಳನ್ನು ಚೀಟಿಯಲ್ಲಿ ಬರೆದು ಮಡಕೆಗೆ ಹಾಕಿ ಎತ್ತುವ ಕ್ರಮವನ್ನು ತಂದರು. ಮಟಕಾ ಎಂದರೆ ಮಡಕೆ. ವರ್ಲಿಯಲ್ಲಿ ಅವರು ವಾಸವಾಗಿದ್ದ ವಿನೋದ್ ಮಹಲ್ ಕಟ್ಟಡದ ಆವರಣವೇ ಈ ಆಟದ ಕೇಂದ್ರವಾಯಿತು. ಅದಕ್ಕೆ ವರ್ಲಿ ಮಟಕಾ ಎಂಬ ಹೆಸರು ಬಂತು. ಭಗತ್ ಅವರ ಆಟ ವಾರದ ಏಳು ದಿನವೂ ನಡೆಯುತ್ತಿತ್ತು.

ದೂರದ ಮಾರುಕಟ್ಟೆಯ ಸ್ಥಾನಕ್ಕೆ ಮಡಕೆ ಬಂದುದರಿಂದ ಆದ ಬದಲಾವಣೆ ಮೇಲ್ನೋಟಕ್ಕೆ ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. ಹಿಂದೆ ಅಂಕಿ ಯಾರ ಕೈಯಲ್ಲಿಯೂ ಇರಲಿಲ್ಲ. ಈಗ ಅದು ಆಟ ನಡೆಸುವವರ ಮನೆಯಂಗಳದಲ್ಲಿತ್ತು. ಆಡುವವರಿಗೆ ಉಳಿದದ್ದು ನಡೆಸುವವರ ಮೇಲಿನ ವಿಶ್ವಾಸವೊಂದೇ.

ಆಟದ ಕ್ರಮ

ಕಾಲಕ್ರಮದಲ್ಲಿ ಚೀಟಿಗಳ ಬದಲು ಇಸ್ಪೀಟು ಎಲೆಗಳು ಬಂದವು. ಮಟಕಾ ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು. ಮೂರು ಎಲೆಗಳನ್ನು ಎತ್ತಿದಾಗ ಸಿಗುವ ಮೂರಂಕಿಯ ಗುಂಪಿಗೆ ಪಾನಾ ಅಥವಾ ಪತ್ತಿ ಎನ್ನುತ್ತಾರೆ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆಯುವುದು ರೂಢಿ. ಸೊನ್ನೆಯನ್ನು ಹತ್ತೆಂದು ಎಣಿಸಿ ಕೊನೆಯಲ್ಲಿಡುತ್ತಾರೆ. ಮೂರನ್ನೂ ಕೂಡಿಸಿ, ಬಂದ ಮೊತ್ತದ ಬಿಡಿ ಸ್ಥಾನದ ಅಂಕಿಯನ್ನು ಮಾತ್ರ ತೆಗೆದುಕೊಂಡರೆ ಅದೇ ಓಪನ್. ಉದಾಹರಣೆಗೆ 3, 6, 7 ಬಂದರೆ ಮೊತ್ತ 16, ಓಪನ್ 6. ಕೆಲವು ಗಂಟೆಗಳ ನಂತರ ಮತ್ತೆ ಮೂರು ಅಂಕಿಗಳನ್ನು ಎತ್ತಲಾಗುತ್ತದೆ. ಅವು 2, 4, 8 ಆದರೆ ಮೊತ್ತ 14, ಕ್ಲೋಸ್ 4. ಎರಡೂ ಸೇರಿ ಆ ದಿನದ ಜೋಡಿ 64. ಫಲಿತಾಂಶವನ್ನು 367-64-248 ಎಂದು ಬರೆಯುತ್ತಾರೆ.

ಆಡುವವನು ಓಪನ್ ಅಥವಾ ಕ್ಲೋಸ್ ಅಂಕಿಯೊಂದರ ಮೇಲೆ, ಜೋಡಿಯ ಮೇಲೆ, ಇಲ್ಲವೇ ಮೂರಂಕಿಯ ಪಾನಾ ಮೇಲೆ ಹಣ ಕಟ್ಟಬಹುದು. ಒಂಟಿ ಅಂಕಿಗೆ ಸಾಮಾನ್ಯವಾಗಿ ಒಂದಕ್ಕೆ ಒಂಬತ್ತು, ಜೋಡಿಗೆ ಒಂದಕ್ಕೆ ತೊಂಬತ್ತು ಅಥವಾ ಎಂಬತ್ತು ಕೊಡುವ ವಾಡಿಕೆಯಿದೆ. ಈ ದರಗಳು ಊರಿನಿಂದ ಊರಿಗೆ ಬೇರೆಯಾಗುತ್ತವೆ.

ಆಟ ಇಷ್ಟು ಬೇಗ ಹರಡಲು ಕಾರಣ ಅದರ ಅಗ್ಗ. ಕುದುರೆ ಪಂದ್ಯಕ್ಕೆ ಮೈದಾನಕ್ಕೆ ಹೋಗಬೇಕು, ಇಸ್ಪೀಟಿಗೆ ಜೊತೆಗಾರರು ಬೇಕು, ಎರಡಕ್ಕೂ ಹೊತ್ತು ಬೇಕು. ಮಟಕಾಕ್ಕೆ ಬೇಕಾದದ್ದು ಕೆಲವು ಪೈಸೆ ಮತ್ತು ಒಂದು ಸಂಖ್ಯೆ ಮಾತ್ರ. ಆಡುವವನು ಎಲ್ಲಿಯೂ ಕೂರಬೇಕಾಗಿಲ್ಲ. ಬೆಳಿಗ್ಗೆ ಚೀಟಿ ಬರೆಸಿ ದುಡಿಮೆಗೆ ಹೋದರೆ ಸಂಜೆ ಫಲಿತಾಂಶ ತಾನಾಗಿ ಕಿವಿಗೆ ಬೀಳುತ್ತಿತ್ತು.

ರತನ್ ಖತ್ರಿಯೊಡನೆ ಸ್ಪರ್ಧೆ

ದೇಶ ವಿಭಜನೆಯ ಕಾಲದಲ್ಲಿ ಕರಾಚಿಯಿಂದ ಮುಂಬಯಿಗೆ ಬಂದ ಸಿಂಧಿ ಯುವಕ ರತನ್ ಖತ್ರಿ ಮೊದಲು ಭಗತ್ ಅವರ ಬಳಿ ಕೆಲಸ ಮಾಡಿದವರು. 1964ರಲ್ಲಿ ಅವರು ಬೇರೆಯಾಗಿ, ಕೆಲವು ಮಾರ್ಪಾಡುಗಳೊಡನೆ ನ್ಯೂ ವರ್ಲಿ ಮಟಕಾ ಆರಂಭಿಸಿದರು. ಖತ್ರಿಯವರ ಆಟ ಸೋಮವಾರದಿಂದ ಶನಿವಾರದವರೆಗೆ ಆರು ದಿನ ನಡೆಯುತ್ತಿತ್ತು, ಮತ್ತು ಗೆದ್ದವರಿಗೆ ಕೊಡುವ ದರ ಆಡುವವರಿಗೆ ಹೆಚ್ಚು ಅನುಕೂಲವಾಗಿತ್ತು. ನೆರೆದ ಜನರಿಂದಲೇ ಎಲೆ ಎತ್ತಿಸಿ ವಿಶ್ವಾಸ ಗಳಿಸುವ ಉಪಾಯವನ್ನೂ ಅವರು ಬಳಸಿದರು. ಪ್ರಸಿದ್ಧಿಯಲ್ಲಿ ಶಿಷ್ಯ ಗುರುವನ್ನು ಮೀರಿಸಿದನೆನ್ನಬೇಕು: ಮಟಕಾ ರಾಜ ಎಂಬ ಹೆಸರು ಖತ್ರಿಗೆ ಅಂಟಿತು, 1975ರ ಹಿಂದಿ ಚಲನಚಿತ್ರ ಧರ್ಮಾತ್ಮದಲ್ಲಿ ಪ್ರೇಮನಾಥ್ ಅಭಿನಯಿಸಿದ ಪಾತ್ರಕ್ಕೆ ಖತ್ರಿಯೇ ಮಾದರಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರು ಸೆರೆವಾಸ ಅನುಭವಿಸಿದರು; 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಕಲ್ಯಾಣಜಿಯವರು ಅಷ್ಟು ಪ್ರಚಾರಕ್ಕೆ ಬಂದವರಲ್ಲ.

ಗಿರಣಿಗಳ ಮುಂಬಯಿ

ವರ್ಲಿ, ಪರೇಲ್, ಲಾಲ್‌ಬಾಗ್ ಸುತ್ತಲಿನ ಪ್ರದೇಶ ಬಟ್ಟೆ ಗಿರಣಿಗಳ ನೆಲೆ. ಅದಕ್ಕೆ ಗಿರಣ್‌ಗಾಂವ್ ಎಂಬ ಹೆಸರೇ ಇತ್ತು. ಪಾಳಿಯಲ್ಲಿ ದುಡಿದು ಚಾಳುಗಳ ಒಂದೇ ಕೋಣೆಯಲ್ಲಿ ಹಲವರು ಕೂಡಿ ಬಾಳುತ್ತಿದ್ದ ಕಾರ್ಮಿಕರೇ ಮಟಕಾದ ಮೊದಲ ಗಿರಾಕಿಗಳು. ಬುಕ್ಕಿಗಳು ಗಿರಣಿಗಳ ಆಸುಪಾಸಿನಲ್ಲಿಯೇ ಅಂಗಡಿ ತೆರೆದರು. ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸುವ ಹಣ, ಖಾನಾವಳಿಯ ಬಾಕಿ, ಬಡ್ಡಿಯವನ ಕಂತು ಇವುಗಳ ನಡುವೆ ಮಟಕಾದ ಪಾಲೂ ಒಂದಾಯಿತು.

1982ರ ಜನವರಿಯಲ್ಲಿ ದತ್ತಾ ಸಾಮಂತ್ ಅವರ ನಾಯಕತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಪಾಲ್ಗೊಂಡರು. ಬಹಳಷ್ಟು ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ. ಗಿರಣಿಗಳೊಡನೆ ಮಟಕಾ ಮಾತ್ರ ಅಳಿಯಲಿಲ್ಲ; ಅಷ್ಟರಲ್ಲಿ ಅದು ದೂರವಾಣಿಯ ತಂತಿ ಹಿಡಿದು ಮುಂಬಯಿಯಿಂದ ಬಲುದೂರ ಸಾಗಿತ್ತು. ಮುಂಬಯಿಯಲ್ಲಿ ಅದಕ್ಕೆ ನಿಜವಾದ ಪೆಟ್ಟು ಬಿದ್ದದ್ದು 1990ರ ದಶಕದ ಮಧ್ಯಭಾಗದ ಪೊಲೀಸ್ ಕಾರ್ಯಾಚರಣೆಗಳಿಂದ.

ಕಲಬುರಗಿ ಮತ್ತು ಕಮಲಾಪುರ

ಕಲಬುರಗಿ ಮುಂಬಯಿಯಿಂದ ಸೊಲ್ಲಾಪುರ, ವಾಡಿ ಮಾರ್ಗವಾಗಿ ದಕ್ಷಿಣಕ್ಕೆ ಬರುವ ರೈಲು ದಾರಿಯಲ್ಲಿದೆ. ಮಳೆಯಾಶ್ರಿತ ತೊಗರಿ, ಜೋಳ ಬೆಳೆಯುವ ಈ ಭಾಗದಿಂದ ದುಡಿಮೆಗಾಗಿ ಮುಂಬಯಿ, ಪುಣೆಗೆ ಗುಳೆ ಹೋಗುವುದು ಬಹುಕಾಲದಿಂದ ನಡೆದುಬಂದಿದೆ. ನಗರದಲ್ಲಿಯೇ ನಿಜಾಮರ ಕಾಲದ ಮಹಬೂಬ ಶಾಹಿ ಬಟ್ಟೆ ಗಿರಣಿ ಇತ್ತು; ಗಿರಣಿ ಮುಚ್ಚಿದ ಮೇಲೂ ಆ ಬಡಾವಣೆಯನ್ನು ಎಂ.ಎಸ್.ಕೆ. ಮಿಲ್ ಎಂದೇ ಕರೆಯುತ್ತಾರೆ. ಹತ್ತಿ, ಗಿರಣಿ, ರೈಲು, ಗುಳೆ: ಮುಂಬಯಿಯ ಆಟ ನೆಲೆಯೂರಲು ಬೇಕಾದದ್ದೆಲ್ಲ ಇಲ್ಲಿಯೂ ಇತ್ತು.

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರ, ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಕೆಂಪು ಬಾಳೆಗೆ ಹೆಸರಾದ ಊರು. ಜಿಲ್ಲೆಯ ಹೊಸ ತಾಲ್ಲೂಕುಗಳಲ್ಲಿ ಒಂದು. ಇಂಥ ಹೆದ್ದಾರಿ ಊರುಗಳಲ್ಲಿ ಬಸ್ ನಿಲ್ದಾಣ, ಚಹಾದಂಗಡಿ, ಪಾನ್ ಡಬ್ಬಿ, ಸಂತೆಯ ಬೀದಿ ಇವೇ ಮಟಕಾ ಚೀಟಿ ಬರೆಯುವ ಜಾಗಗಳು. ಬರೆಯುವವನಿಗೆ ಅಂಗಡಿ ಬೇಕಿಲ್ಲ, ಹಲಗೆ ಬೇಕಿಲ್ಲ. ಈ ಭಾಗದ ಪೊಲೀಸ್ ಪ್ರಕರಣಗಳ ವಿವರಗಳನ್ನು ಓದಿದವರಿಗೆ ಅವುಗಳ ಒಂದೇ ಧಾಟಿ ಪರಿಚಿತ: ಸಾರ್ವಜನಿಕ ಸ್ಥಳದಲ್ಲಿ ನಿಂತು ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಕೂಗುತ್ತ, ದೈವಲೀಲೆಯ ಮಟಕಾ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದವನನ್ನು ಹಿಡಿದು, ಅವನಿಂದ ಸ್ವಲ್ಪ ನಗದು, ಒಂದು ಮಟಕಾ ಚೀಟಿ ಮತ್ತು ಒಂದು ಬಾಲ್‌ಪೆನ್ ವಶಪಡಿಸಿಕೊಳ್ಳಲಾಯಿತು ಎಂಬುದು. ಸಿಕ್ಕಿಬೀಳುವವನು ಹೆಚ್ಚಾಗಿ ಕಮಿಷನ್‌ಗಾಗಿ ಬರೆಯುವವನು. ಹಣ ಸೇರುವ ಬುಕ್ಕಿ ಬೇರೆಡೆ ಇರುತ್ತಾನೆ, ಅವನ ಮೇಲೊಬ್ಬ ದೊಡ್ಡ ಬುಕ್ಕಿ ಇರುತ್ತಾನೆ. ಚೀಟಿ ಬರೆಯುವವನಿಗೂ ವರ್ಲಿಯ ಮಡಕೆಗೂ ನಡುವೆ ಎಷ್ಟು ಕೈಗಳಿದ್ದವೆಂಬುದನ್ನು ಆಡುವವನು ಎಂದೂ ಕಾಣುತ್ತಿರಲಿಲ್ಲ.

ಒಂದಕ್ಕೆ ಎಂಬತ್ತು ಎಂಬ ದರವನ್ನು ನಿಂತು ನೋಡಬೇಕು. ಜೋಡಿಗಳು 00ಯಿಂದ 99ರವರೆಗೆ ನೂರು. ಎಲ್ಲವಕ್ಕೂ ಸಮಾನ ಅವಕಾಶವಿದ್ದರೆ ನೂರು ರೂಪಾಯಿ ಕಟ್ಟಿದವರಿಗೆ ಸರಾಸರಿ ಎಂಬತ್ತು ರೂಪಾಯಿ ಮರಳುತ್ತದೆ, ಇಪ್ಪತ್ತು ಆಡಿಸುವವರಲ್ಲಿ ಉಳಿಯುತ್ತದೆ. ತೊಂಬತ್ತರ ದರದಲ್ಲಿ ಉಳಿಯುವುದು ಹತ್ತು. ಕೇಳಲು ಸ್ವಲ್ಪವೇ ವ್ಯತ್ಯಾಸವೆನಿಸಿದರೂ, ಎಂಬತ್ತರ ದರದಲ್ಲಿ ಆಡುವ ಕೂಲಿಕಾರ ತೊಂಬತ್ತರ ದರದಲ್ಲಿ ಆಡುವವನಿಗಿಂತ ಎರಡರಷ್ಟು ಕಳೆದುಕೊಳ್ಳುತ್ತಾನೆ. ದಿನಕ್ಕೆ 50 ರೂಪಾಯಿಯಂತೆ ವರ್ಷದಲ್ಲಿ 300 ದಿನ ಒಂದು ಜೋಡಿಯ ಮೇಲೆ ಕಟ್ಟಿದರೆ ಒಟ್ಟು 15,000 ರೂಪಾಯಿ. ಎಂಬತ್ತರ ದರದಲ್ಲಿ ಸರಾಸರಿ ನಷ್ಟ 3,000. ಸರಾಸರಿ ಎಂಬ ಮಾತೂ ಇಲ್ಲಿ ಮೋಸದ್ದೇ, ಏಕೆಂದರೆ 300 ದಿನಗಳಲ್ಲಿ ಒಮ್ಮೆಯೂ ಗೆಲ್ಲದೆ ಹದಿನೈದು ಸಾವಿರವನ್ನೂ ಕಳೆದುಕೊಳ್ಳುವವರು ನೂರಕ್ಕೆ ಐವರು ಇರುತ್ತಾರೆ.

ಚಾರ್ಟ್ ಮತ್ತು ಅಂಕಿಗಳ ಜಾಡು

ಮಟಕಾದ ಸುತ್ತ ಬೆಳೆದ ಅತ್ಯಂತ ಕುತೂಹಲಕರ ಸಂಗತಿ ಚಾರ್ಟ್. ಪ್ರತಿದಿನದ ಓಪನ್ ಪಾನಾ, ಜೋಡಿ ಮತ್ತು ಕ್ಲೋಸ್ ಪಾನಾಗಳನ್ನು ವಾರಕ್ಕೊಂದು ಸಾಲಿನಂತೆ ಬರೆದಿಟ್ಟ ಪಟ್ಟಿ ಅದು. ವರ್ಷಗಟ್ಟಲೆಯ ಚಾರ್ಟುಗಳು ಪುಸ್ತಕಗಳಾಗಿ ಮಾರಾಟವಾದವು. ಕೈಬರಹದ ನೋಟ್‌ಬುಕ್‌ಗಳಲ್ಲಿ ಅವುಗಳನ್ನು ಶ್ರದ್ಧೆಯಿಂದ ನಕಲು ಮಾಡಿಕೊಂಡವರೂ ಇದ್ದರು. ಮಗ್ಗಿ ಒಪ್ಪಿಸಲಾರದವರೂ ಚಾರ್ಟಿನ ಮುಂದೆ ಲೆಕ್ಕಿಗರಾದರು.

ಚಾರ್ಟ್ ನೋಡುವವರದೇ ಒಂದು ಪರಿಭಾಷೆಯಿದೆ. ಅಂಕಿಗೆ ಐದು ಕೂಡಿಸಿದರೆ ಬರುವುದು ಅದರ ಕಟ್: 1ಕ್ಕೆ 6, 2ಕ್ಕೆ 7, 3ಕ್ಕೆ 8, 4ಕ್ಕೆ 9, 5ಕ್ಕೆ 0. ಒಂದು ಜೋಡಿಯ ಅಂಕಿಗಳನ್ನು ಕಟ್ ಮಾಡುತ್ತ, ತಿರುಗಿಸುತ್ತ ಹೋದರೆ ಸಿಗುವ ಗುಂಪಿಗೆ ಫ್ಯಾಮಿಲಿ ಎನ್ನುತ್ತಾರೆ. 12ರ ಫ್ಯಾಮಿಲಿಯಲ್ಲಿ 12, 17, 62, 67, 21, 26, 71, 76 ಎಂಬ ಎಂಟು ಜೋಡಿಗಳಿವೆ. 11ರಂಥವುಗಳಲ್ಲಿ 11, 16, 61, 66 ಎಂಬ ನಾಲ್ಕೇ. ಎಂಟರ ಹತ್ತು ಫ್ಯಾಮಿಲಿ, ನಾಲ್ಕರ ಐದು ಫ್ಯಾಮಿಲಿ ಸೇರಿ ಸರಿಯಾಗಿ ನೂರಾಗುತ್ತವೆ. ಬಹಳ ದಿನ ಬಾರದ ಫ್ಯಾಮಿಲಿ ಇನ್ನೇನು ಬಂದೇ ಬರುತ್ತದೆ ಎಂಬುದು ಚಾರ್ಟ್ ನೋಡುವವರ ಮುಖ್ಯ ಸಿದ್ಧಾಂತ. ಚಾರ್ಟಿನಲ್ಲಿ ಅಡ್ಡಕ್ಕೆ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಗೆರೆ ಎಳೆದು ಮುಂದಿನ ಅಂಕಿಯನ್ನು ಹುಡುಕುವುದೂ ಉಂಟು. ಕನಸಿನಲ್ಲಿ ಕಂಡ ವಸ್ತು, ಎದುರಾದ ವಾಹನದ ಸಂಖ್ಯೆ ಇತ್ಯಾದಿಗಳನ್ನು ಚಾರ್ಟಿಗೆ ಹೊಂದಿಸುವವರೂ ಇದ್ದಾರೆ.

ಗಣಿತದ ಮಟ್ಟಿಗೆ ಪಾನಾಗಳ ರಚನೆ ನಿಜಕ್ಕೂ ಅಂದವಾಗಿದೆ. ಹತ್ತು ಅಂಕಿಗಳಿಂದ ಬೇರೆಬೇರೆ ಮೂರನ್ನು ಆರಿಸುವ ವಿಧಗಳು 10, 9, 8ರ ಗುಣಲಬ್ಧವನ್ನು 3, 2, 1ರ ಗುಣಲಬ್ಧದಿಂದ ಭಾಗಿಸಿದಷ್ಟು, ಅಂದರೆ 120. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ಒಂಬತ್ತನೆಯ ಶತಮಾನದಲ್ಲಿ ಗಣಿತಸಾರಸಂಗ್ರಹದಲ್ಲಿ ಕೊಟ್ಟವನು ಮಹಾವೀರಾಚಾರ್ಯ. ಆತ ತನ್ನ ಗ್ರಂಥದಲ್ಲಿ ಸ್ತುತಿಸಿರುವ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ. ಅದು ಕಲಬುರಗಿ ಜಿಲ್ಲೆಯಲ್ಲಿಯೇ ಇದೆ. ಎರಡು ಅಂಕಿ ಒಂದೇ ಆಗಿರುವ ಪಾನಾಗಳು 90, ಮೂರೂ ಒಂದೇ ಆಗಿರುವವು 10, ಒಟ್ಟು 220. ಈ 220 ಪಾನಾಗಳು ಹತ್ತು ಅಂಕಿಗಳಿಗೆ ತಲಾ 22ರಂತೆ ಹಂಚಿಹೋಗುತ್ತವೆ.

ಹೀಗೇಕೆ ಸಮನಾಗಿ ಹಂಚಿಹೋಗುತ್ತವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಕಂಡುಕೊಳ್ಳಬಹುದು. ಪಾನಾದ ಮೂರೂ ಅಂಕಿಗಳಿಗೆ ಒಂದೊಂದು ಕೂಡಿಸಿದರೆ ಮೊತ್ತ ಮೂರು ಹೆಚ್ಚುತ್ತದೆ: 137ರ ಅಂಕಿ 1, 248ರದು 4, 359ರದು 7. ಒಂಬತ್ತರ ನಂತರ ಸೊನ್ನೆಗೆ ಹೊರಳುತ್ತ ಹತ್ತು ಬಾರಿ ಹೀಗೆ ಮಾಡಿದರೆ 1, 4, 7, 0, 3, 6, 9, 2, 5, 8 ಎಂದು ಹತ್ತೂ ಅಂಕಿಗಳು ಒಂದೊಂದು ಸಲ ಬಂದು ಮತ್ತೆ 1ಕ್ಕೆ ಮರಳುತ್ತದೆ. ಮೂರಕ್ಕೂ ಹತ್ತಕ್ಕೂ ಸಾಮಾನ್ಯ ಅಪವರ್ತನವಿಲ್ಲದಿರುವುದೇ ಇದರ ಕಾರಣ. ಆದ್ದರಿಂದ ಎತ್ತುವುದು ಪ್ರಾಮಾಣಿಕವಾಗಿದ್ದರೆ ಯಾವ ಅಂಕಿಗೂ ಮೇಲುಗೈ ಇಲ್ಲ, ಯಾವ ಅಂಕಿಗೂ ಹಿನ್ನಡೆಯಿಲ್ಲ.

ಪಾನಾಗಳ ನಡುವೆ ಮಾತ್ರ ದೊಡ್ಡ ವ್ಯತ್ಯಾಸವಿದೆ, ಮತ್ತು ಅದು ಆಡುವವನ ಪರವಾಗಿಲ್ಲ. ಗುಲಾಮ, ರಾಣಿ, ರಾಜರನ್ನು ತೆಗೆದ 40 ಎಲೆಗಳ ಕಟ್ಟಿನಿಂದ ಮೂರನ್ನು ಎತ್ತುವ ವಿಧಗಳು 9,880. ಮೂರೂ ಬೇರೆಯಾದ ಒಂದು ಪಾನಾ, ಉದಾಹರಣೆಗೆ 128, ಅವುಗಳಲ್ಲಿ 64 ವಿಧಗಳಲ್ಲಿ ಬರಬಲ್ಲದು. 777 ಬರುವುದು ನಾಲ್ಕೇ ವಿಧಗಳಲ್ಲಿ. ಎಂದರೆ 777ನ್ನು ನಿರೀಕ್ಷಿಸುವವನಿಗೆ 2,470ರಲ್ಲಿ ಒಂದು ಅವಕಾಶ. ಇಂಥ ಪಾನಾಕ್ಕೆ ಕೊಡುವ ದರ ಸಾಮಾನ್ಯವಾಗಿ 600ರ ಆಸುಪಾಸು. ಅತಿ ದೊಡ್ಡ ಬಹುಮಾನ ಕಾಣುವ ಕಡೆಯೇ ಅತಿ ದೊಡ್ಡ ಕಡಿತ ಅಡಗಿದೆ.

ಬಾರದ ಅಂಕಿ ಬರಲೇಬೇಕೆಂಬ ಸಿದ್ಧಾಂತಕ್ಕೂ ಲೆಕ್ಕದಲ್ಲಿ ಆಧಾರವಿಲ್ಲ. ನೂರು ಜೋಡಿಗಳಿರುವ ಆಟದಲ್ಲಿ ನೂರು ದಿನ ಕಳೆದರೂ ಸರಾಸರಿ 37 ಜೋಡಿಗಳು ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ; 300 ದಿನಗಳ ನಂತರವೂ ಸುಮಾರು ಐದು ಬಾಕಿ ಉಳಿಯುತ್ತವೆ. ಚಾರ್ಟಿನಲ್ಲಿ ಕಾಣುವ ಖಾಲಿ ಜಾಗ ಆಟದ ಸಹಜ ಸ್ವರೂಪವೇ ಹೊರತು ತೀರಿಸಬೇಕಾದ ಸಾಲವಲ್ಲ. ಇಂದು ಎತ್ತುವ ಎಲೆಗೆ ನಿನ್ನೆ ಬಂದದ್ದೇನೆಂದು ತಿಳಿಯದು. ಎಂಟು ಜೋಡಿಗಳ ಫ್ಯಾಮಿಲಿಯನ್ನೇ ಹಿಡಿದರೂ ಫಲ ಅದೇ: ಗೆಲ್ಲುವ ಅವಕಾಶ ಎಂಟರಷ್ಟು, ಕಟ್ಟುವ ಹಣವೂ ಎಂಟರಷ್ಟು. ಆದರೂ ಚಾರ್ಟ್ ಪಂಡಿತರಿಗೆ ಹೆಸರು ಬರುವುದುಂಟು. ನೂರು ಜನ ನೂರು ಬೇರೆಬೇರೆ ಜೋಡಿ ಹೇಳಿದರೆ ಒಬ್ಬನದು ನಿಜವಾಗಲೇಬೇಕು. ಊರು ನೆನಪಿಡುವುದು ಆ ಒಬ್ಬನನ್ನು. ಉಳಿದ ತೊಂಬತ್ತೊಂಬತ್ತು ಜನರ ಮನೆಯಲ್ಲಿ ಆ ದಿನ ಏನಾಯಿತೆಂಬುದು ಮಾತಿಗೆ ಬರುವುದಿಲ್ಲ.

ಅಂಕಿಗಳಲ್ಲಿ ನಿಜವಾದ ಜಾಡು ಕಂಡುಬರುವುದು ಎತ್ತುವವರು ಕೈವಾಡ ನಡೆಸಿದಾಗ ಮಾತ್ರ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1975ರಲ್ಲಿ ಮೂರಂಕಿಯ ದಿನದ ಲಾಟರಿಯನ್ನು ಸರಕಾರದ ವತಿಯಿಂದಲೇ ಆರಂಭಿಸಿತ್ತು. ಇತರ ರಾಜ್ಯಗಳೂ ಅದನ್ನು ಅನುಸರಿಸಿದವು. ಪೆನ್ಸಿಲ್ವೇನಿಯಾದ ಇಂಥ ಲಾಟರಿಯಲ್ಲಿ 1980ರ ಏಪ್ರಿಲ್ 24ರಂದು 666 ಬಂತು. 4 ಮತ್ತು 6ನ್ನು ಬಿಟ್ಟು ಉಳಿದ ಚೆಂಡುಗಳೊಳಗೆ ಬಣ್ಣ ತುಂಬಿ ಭಾರ ಮಾಡಿದ್ದರೆಂಬುದು ತನಿಖೆಯಲ್ಲಿ ಬಯಲಾಯಿತು. ಸಂಶಯ ಮೂಡಿದ್ದು 4 ಮತ್ತು 6 ಸೇರಿದ ಸಂಖ್ಯೆಗಳ ಮೇಲೆ ಅಂದು ಅಸಹಜವಾಗಿ ಹಣ ಬಿದ್ದದ್ದರಿಂದ. ಸರಕಾರದ ಕಣ್ಣೆದುರು, ದೂರದರ್ಶನದಲ್ಲಿ ತೋರಿಸುತ್ತ ನಡೆಸಿದ ಆಟದಲ್ಲಿಯೇ ಹೀಗಾಗಿದ್ದರೆ, ಯಾವ ಲೆಕ್ಕ ಪರಿಶೋಧನೆಯೂ ಇಲ್ಲದ ಮಟಕಾದಲ್ಲಿ ಕಡಿಮೆ ಹಣ ಬಿದ್ದ ಅಂಕಿಯನ್ನೇ ತೆಗೆಯುತ್ತಾರೆಂಬ ಆರೋಪ ಬಹುಕಾಲದಿಂದ ಕೇಳಿಬರುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಅದು ನಿಜವಾದರೆ ಚಾರ್ಟ್ ನೋಡಿ ಎಲ್ಲರೂ ಒಂದೇ ಅಂಕಿಗೆ ಮುಗಿಬೀಳುವುದು ಆ ಅಂಕಿ ಬಾರದಂತೆ ತಾವೇ ನೋಡಿಕೊಂಡಂತೆ.

ಕಾನೂನು

ಮಟಕಾ ಕಲ್ಯಾಣಜಿಯವರ ಕಾಲದಲ್ಲಿಯೂ ಕಾನೂನಿಗೆ ವಿರುದ್ಧವೇ ಆಗಿತ್ತು; ಮುಂಬಯಿಯಲ್ಲಿ 1887ರ ಜೂಜು ನಿಷೇಧ ಕಾಯಿದೆ ಜಾರಿಯಲ್ಲಿತ್ತು. ಕರ್ನಾಟಕದಲ್ಲಿ ಮಟಕಾ ಪ್ರಕರಣಗಳನ್ನು ಸಾಮಾನ್ಯವಾಗಿ 1963ರ ಕರ್ನಾಟಕ ಪೊಲೀಸ್ ಕಾಯಿದೆಯ 78(3)ನೆಯ ಕಲಮಿನಡಿ ದಾಖಲಿಸಲಾಗುತ್ತದೆ. ಇದನ್ನು ಅಸಂಜ್ಞೇಯ ಅಪರಾಧವೆಂದು ಪರಿಗಣಿಸುತ್ತ ಬಂದುದರಿಂದ ತನಿಖೆಗೆ ಮೊದಲು ದಂಡಾಧಿಕಾರಿಯ ಅನುಮತಿ ಪಡೆಯಬೇಕಾಗುತ್ತಿತ್ತು. ಈ ಕ್ರಮ ಪಾಲಿಸದ ಕಾರಣಕ್ಕೆ ಬಿದ್ದುಹೋದ ಪ್ರಕರಣಗಳಿವೆ. 2021ರಲ್ಲಿ ರಾಜ್ಯ ಸರಕಾರ ಕಾಯಿದೆಗೆ ತಿದ್ದುಪಡಿ ತಂದು ಆನ್‌ಲೈನ್ ಆಟಗಳನ್ನೂ ಸೇರಿಸಿತು. ಅದರ ಕೆಲವು ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೆಯ ಕಲಮು ಗುಂಪಾಗಿ ನಡೆಸುವ ಅನಧಿಕೃತ ಬೆಟ್ಟಿಂಗ್ ಮತ್ತು ಜೂಜನ್ನು ಸಣ್ಣ ಸಂಘಟಿತ ಅಪರಾಧಗಳ ಸಾಲಿಗೆ ಸೇರಿಸಿ, ಒಂದರಿಂದ ಏಳು ವರ್ಷಗಳ ಸೆರೆವಾಸ ವಿಧಿಸಿದೆ.

ಕಾಗದದ ಲಾಟರಿಯ ಕತೆ ಬೇರೆ. ಕರ್ನಾಟಕದಲ್ಲಿ ಸರಕಾರವೇ ಲಾಟರಿ ನಡೆಸುತ್ತಿದ್ದ ಕಾಲವಿತ್ತು. 2007ರಲ್ಲಿ ರಾಜ್ಯದಲ್ಲಿ ಲಾಟರಿ ಮಾರಾಟವನ್ನು ನಿಷೇಧಿಸಲಾಯಿತು. ಕೇರಳದಲ್ಲಿ ಅದು ಇಂದಿಗೂ ಸರಕಾರದ ಆದಾಯ ಮೂಲ. ಲಾಟರಿ ಇದ್ದಾಗಲೂ ಇಲ್ಲದಾಗಲೂ ಮಟಕಾ ನಡೆದೇ ಇತ್ತು.

ನಿಧನ ಮತ್ತು ನಂತರ

ಕಲ್ಯಾಣಜಿ ಭಗತ್ 1990ರ ದಶಕದ ಆರಂಭದಲ್ಲಿ ನಿಧನರಾದರು. ವ್ಯವಹಾರ ಅವರ ಮಗ ಸುರೇಶ್ ಭಗತ್ ಅವರ ಕೈಗೆ ಬಂತು. 2008ರ ಜೂನ್ ತಿಂಗಳಲ್ಲಿ ಅಲಿಬಾಗ್‌ನ ನ್ಯಾಯಾಲಯದಿಂದ ಮರಳುತ್ತಿದ್ದಾಗ ಸುರೇಶ್ ಅವರ ವಾಹನಕ್ಕೆ ಲಾರಿಯೊಂದು ಡಿಕ್ಕಿ ಹೊಡೆದು, ಅವರೂ ಜೊತೆಗಿದ್ದವರೂ ಸತ್ತರು. ಅಪಘಾತದಂತೆ ಕಂಡ ಘಟನೆ ವ್ಯವಹಾರದ ಹಿಡಿತಕ್ಕಾಗಿ ನಡೆಸಿದ ಕೊಲೆಯೆಂದು ತನಿಖೆ ತೋರಿಸಿತು. 2013ರಲ್ಲಿ ಮುಂಬಯಿಯ ನ್ಯಾಯಾಲಯ ಅವರ ಪತ್ನಿ ಮತ್ತು ಮಗನೂ ಸೇರಿದಂತೆ ಹಲವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಕಲ್ಯಾಣ ಎಂಬ ಹೆಸರಿನ ಚಾರ್ಟ್ ಈಗ ಮೊಬೈಲ್ ಫೋನುಗಳಲ್ಲಿ ಬರುತ್ತದೆ. ಅದೇ ಹೆಸರಿನಲ್ಲಿ ಹಲವು ಕಡೆಗಳಿಂದ ಬೇರೆಬೇರೆ ಫಲಿತಾಂಶಗಳು ಹೊರಡುವುದುಂಟು. ಎಲೆಗಳನ್ನು ಯಾರು, ಎಲ್ಲಿ ಎತ್ತುತ್ತಾರೆಂಬುದು ಕಮಲಾಪುರದ ಬಸ್ ನಿಲ್ದಾಣದಲ್ಲಿ ಚೀಟಿ ಬರೆಸುವವನಿಗೂ ತಿಳಿಯದು, ಬರೆಯುವವನಿಗೂ ತಿಳಿಯದು.